ನಾನೊಬ್ಬನೇ ಸ್ವಚ್ಛ ಮಾಡಿದ ಕೆರೆ

ಕಣ್ಣಾರೆ ಕಂಡದ್ದನ್ನು ಜನ ನಂಬದಿದ್ದರೂ ಡ್ರೋನ್ ಹಾರಿಸಿ ತೆಗೆದ ವಿಡಿಯೋವನ್ನು ನಂಬಿಯೇ ನಂಬುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಅದಕ್ಕೆ ಆಧಾರವೂ ಇತ್ತು. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಗಳಲ್ಲಿ ಡ್ರೋನ್ ಹಾರಿಸುತ್ತೇನೆ. ಮೇಲಿನಿಂದ ತೆಗೆದರೆ ಎಂಥ ಇಕ್ಕಟ್ಟಿನ ಕಲ್ಯಾಣಮಂಟಪವೂ ಅರಮನೆಯಾಗುತ್ತದೆ, ಊಟಕ್ಕೆ ನುಗ್ಗುವ ಜನ ಶಿಸ್ತಿನ ಸೇನೆಯಾಗುತ್ತಾರೆ. ಬೀಗರು ನೋಡಿ ನಂಬುತ್ತಾರೆ. ಬೀಗರೇ ನಂಬಿದ ಮೇಲೆ ಸರಕಾರ ನಂಬದೆ ಇರುತ್ತದೆಯೇ?

ಸರಕಾರವನ್ನು ನಂಬಿಸುವ ಪ್ರಸಂಗ ಒಂದು ಟ್ಯಾಂಕರಿನಿಂದ ಬಂತು. ನಮ್ಮ ಮನೆ ಇರುವುದು ಊರ ಅಂಚಿನಲ್ಲಿ, ಬೈಪಾಸ್ ರಸ್ತೆಯ ಕೆಳಗಿನ ಕೆರೆಯ ಬದಿಗೆ. ಒಂದು ಬೆಳಿಗ್ಗೆ ಕಾರ್ಖಾನೆಗೆ ಕರಿ ಎಣ್ಣೆ ಒಯ್ಯುತ್ತಿದ್ದ ಟ್ಯಾಂಕರು ಬೈಪಾಸಿನ ತಿರುವಿನಲ್ಲಿ ಮಗ್ಗುಲಾಯಿತು. ಡ್ರೈವರನಿಗೆ ಏನೂ ಆಗಲಿಲ್ಲ, ಪುಣ್ಯ. ಎಣ್ಣೆ ಮಾತ್ರ ಕಾಲುವೆಗುಂಟ ಹರಿದು ಸೀದಾ ಕೆರೆಗೆ ಇಳಿಯಿತು.

ಆ ಕೆರೆಯನ್ನು ನಂಬಿಕೊಂಡವಳು ನಮ್ಮ ಪಕ್ಕದ ಮನೆಯ ಚಂದ್ರಾಬಾಯಿ. ಗೌಳಿ ಮನೆತನದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮನೆಯ ಹಿಂದೆ ಎಮ್ಮೆಗಳ ಕೊಟ್ಟಿಗೆ, ಹಾಲೆಲ್ಲ ಪೇಟೆಯ ಒಂದು ಪೇಢೆ ಅಂಗಡಿಗೆ. ಅವಳ ಎಮ್ಮೆಗಳಿಗೆ ಒಂದು ಹಟ. ಮಧ್ಯಾಹ್ನ ಕೆರೆಗಿಳಿದು, ಮೂಗಷ್ಟೇ ಮೇಲಿಟ್ಟು ಒಂದಷ್ಟು ಹೊತ್ತು ಬಿದ್ದುಕೊಳ್ಳದಿದ್ದರೆ ಸಂಜೆ ಸಲೀಸಾಗಿ ಹಾಲು ಬಿಡುವುದಿಲ್ಲ. ಟ್ಯಾಂಕರು ಬಿದ್ದ ದಿನವೂ ಅವು ರೂಢಿಯಂತೆ ಇಳಿದವು, ಮೈತುಂಬ ಎಣ್ಣೆ ಬಳಿದುಕೊಂಡು ಮೇಲೆ ಬಂದವು. ಎಮ್ಮೆ ಮೊದಲೇ ಕಪ್ಪು. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಮರುದಿನ ಪೇಢೆ ಅಂಗಡಿಯ ಸಾವಕಾರರು ಹಾಲಿನ ಕ್ಯಾನಿಗೆ ಮೂಗು ಹಚ್ಚಿದಾಗ.

"ಏನವಾ ಚಂದ್ರಾಬಾಯಿ, ಹಾಲಿಗೆ ಗ್ಯಾರೇಜಿನ ವಾಸನಿ ಬರಾಕತ್ತೈತಲ್ಲ?" ಎಂದರಂತೆ. ಕೆರೆಯ ಸುದ್ದಿ ಅವರಿಗೂ ತಲುಪಿತ್ತು. "ನಿನ್ನ ತಪ್ಪಲ್ಲ ಬಿಡು. ಆ ಎಣ್ಣಿ ಪೂರಾ ಹೋಗೂತನಾ ಹಾಲು ತರಬ್ಯಾಡ" ಎಂದು ಕಳಿಸಿದರು.

ಅಷ್ಟರಲ್ಲಿ ಆಡಳಿತ ಎಚ್ಚೆತ್ತಿತ್ತು. ಕೆರೆಯ ಸುತ್ತ ಹಗ್ಗ ಕಟ್ಟಿದರು. ಪಂಪು ಬಂತು. ಬಿಳಿ ಅಂಗಿ, ಬಿಳಿ ಕೈಗವಸು ತೊಟ್ಟ ಮಂದಿ ಬಂದರು. ಕಾರ್ಯಾಚರಣೆ ಮುಗಿಯುವವರೆಗೆ ಕೆರೆಯ ಮೇಲೆ ಡ್ರೋನ್ ಹಾರಾಟವನ್ನು ತಾತ್ಕಾಲಿಕವಾಗಿ ನಿಷೇಧಿಸಲಾಗಿದೆ ಎಂಬ ಫಲಕವೂ ಬಂತು. ಪತ್ರಕರ್ತರು ಎಲ್ಲೆಂದರಲ್ಲಿ ತಿರುಗಾಡಬಾರದೆಂದು ಪೂರ್ವದ ದಂಡೆಯಲ್ಲಿ ಅವರಿಗೊಂದು ಪೆಂಡಾಲು ಹಾಕಿಸಿದರು. ಅಲ್ಲಿ ಕುರ್ಚಿ, ಗಿರಮಿಟ್ಟು, ಮಿರ್ಚಿ ಭಜಿ, ಚಹಾ ಎಲ್ಲ ಇದ್ದವು. ಇಲ್ಲದೆ ಇದ್ದದ್ದು ಎಣ್ಣೆ ಒಂದೇ. ಎಣ್ಣೆ ಗಾಳಿಗೆ ತೇಲಿ ಪಶ್ಚಿಮದ ಮೂಲೆ ಸೇರಿ, ಜಾಲಿ ಗಿಡಗಳ ಹಿಂದೆ ಕೆನೆಗಟ್ಟಿತ್ತು. ಪೆಂಡಾಲಿನಿಂದ ಅದು ಕಾಣುವಂತಿರಲಿಲ್ಲ. ಪತ್ರಕರ್ತರ ಒಂದೊಂದು ತಂಡ ಬಂದಾಗಲೂ ಬಿಳಿ ಅಂಗಿಯವನೊಬ್ಬ ದಂಡೆಯ ಒಂದು ಕಲ್ಲನ್ನು ಶ್ರದ್ಧೆಯಿಂದ ಒರೆಸುತ್ತಿದ್ದ. ಎಲ್ಲ ತಂಡಗಳಿಗೂ ಅದೇ ಕಲ್ಲು. ಕೊನೆಗೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಚಂದ್ರಾಬಾಯಿ ನಮ್ಮ ಮನೆಗೆ ಬಂದಳು.

"ಅಣ್ಣಾರ, ನೀವು ಆಕಾಶದಾಗಿಂದ ತಗೀತೀರಲ್ರಿ. ಆ ಜಾಲಿ ಮೂಲೀದೊಂದು ತಗದು ತೋರಸ್ರಿ. ಅಲ್ಲಿಗೆ ಯಾರೂ ಹೊಳ್ಳಿನೂ ನೋಡವಲ್ರು. ಮಂದಿ ನೋಡಿದ್ರ ಪಂಪು ಆ ಕಡೆ ತರ್ತಾರ. ಎಮ್ಮಿ ನೀರಿಗಿಳದ್ರ ನನ್ನ ಹಾಲು ಅಂಗಡಿಗೆ ಹೊಕ್ಕಾವು."

"ಅಷ್ಟ ಹೌದಲ್ಲ? ನಾಳಿ ಸಂಜೀಕ ಜಗತ್ತಿಗೇ ತೋರಸ್ತೇನಿ" ಎಂದೆ.

ನನ್ನ ಹೆಂಡತಿ ಶೈಲಾ ಒಳಗಿನಿಂದಲೇ ಹೇಳಿದಳು: "ಜಗತ್ತು ಇರ್ಲಿ, ಮದಲ ಅಲ್ಲೇ ಬೋರ್ಡ್ ಹಾಕ್ಯಾರ, ಅದನ್ನ ಓದ್ರಿ."

ಓದಿದೆ. ನಾನು ಕಾನೂನು ಪಾಲಿಸುವ ನಾಗರಿಕ. ಆದ್ದರಿಂದ ಮೊದಲು ನೇರ ಮಾರ್ಗ ಹಿಡಿದೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಪೆಂಡಾಲಿಗೆ ಹೋದೆ. ಹಗ್ಗದ ಬಳಿ ಕಾವಲಿದ್ದ ಹವಾಲ್ದಾರರು ನಾನು ಪತ್ರಕರ್ತನಲ್ಲ ಎಂದು ಒಂದೇ ನೋಟಕ್ಕೆ ಕಂಡುಹಿಡಿದರು. ಹಸಿವಾದವನ ಹಾಗೆ ನಾನು ಕಾಣಲಿಲ್ಲವೋ ಏನೋ. ಅಷ್ಟರಲ್ಲಿ ಪತ್ರಕರ್ತರನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ನನ್ನನ್ನು ಗುರುತಿಸಿದರು. ಅವರನ್ನು ಇಲ್ಲಿ ಸಾಹೇಬರು ಎಂದಷ್ಟೇ ಕರೆಯುತ್ತೇನೆ.

"ಸ್ಟುಡಿಯೋ ಶಿವಣ್ಣಾರ! ನಮ್ಮ ತಂಗಿ ಮದುವಿ ತಗದಾವ್ರು ನೀವಲ್ಲೇನ್ರಿ? ಬರ್ರಿ, ಬರ್ರಿ. ಒಳಗ ಬರ್ರಿ."

ಹಗ್ಗ ಮೇಲೆದ್ದಿತು. ಧಾರವಾಡದಲ್ಲಿ ಪರಿಚಯವಿದ್ದರೆ ಸಾಕು, ಕೆಲಸ ಅರ್ಧ ಆದಂತೆ ಎಂದುಕೊಂಡೆ. ಆದದ್ದೂ ನಿಜ. ಕೆಲಸ ಅವರದು. ಸಾಹೇಬರು ಕೆರೆಯ ದಂಡೆಯಲ್ಲಿ ಅಧಿಕಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಂದು ಛಲೋ ಗ್ರೂಪ್ ಫೋಟೋ ಆಗ್ಲಿ ನೋಡ್ರಿ" ಎಂದರು.

ಇಲ್ಲಿ ನಾನು ಬೇಡ ಎನ್ನಬೇಕಿತ್ತು. ಆದರೆ ಸಾಲಾಗಿ ನಿಂತ ಜನರನ್ನು ಕಂಡರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ ಸಾಹೇಬ್ರ. ಹಾಂ. ನಗ್ರಿ" ಎಂದೆ. ಎಲ್ಲರೂ ನಕ್ಕರು. ಹಿಂದೆ ಕಲ್ಲು ಒರೆಸುತ್ತಿದ್ದವನಿಗೂ, "ಅಣ್ಣಾ, ಸ್ವಲ್ಪ ಈ ಕಡೆ ಹೊಳ್ಳಿ ಒರಸಪಾ, ಬೆಳಕು ಬರ್ತೈತಿ" ಎಂದು ನಾನೇ ಹೇಳಿಕೊಟ್ಟೆ. ಒಬ್ಬೊಬ್ಬರದೂ ಬೇರೆ ಬೇರೆ ಫೋಟೋ ಆಯಿತು. ಮಿರ್ಚಿ ಬಂತು, ತಿಂದೆ. ಹೊತ್ತು ಮುಳುಗಿತು.

ಚಂದ್ರಾಬಾಯಿ ಓಣಿಯ ತುದಿಯಲ್ಲೇ ಕಾಯುತ್ತಿದ್ದಳು. "ಮೂಲಿ ತಗದ್ರ್ಯಾ ಅಣ್ಣಾರ?"

"ಇವತ್ತ ಪರಿಚಯ ಆಗೇತಿ" ಎಂದೆ.

ಮರುದಿನ ಆ ಪರಿಚಯದ ಬಲದಿಂದ ಸಾಹೇಬರ ಹತ್ತಿರ ಹೋಗಿ, ಪಶ್ಚಿಮದ ಮೂಲೆಯ ಮೇಲೆ ಒಂದೇ ಸಲ ಡ್ರೋನ್ ಹಾರಿಸಲು ಅನುಮತಿ ಬೇಕೆಂದು ವಿನಯದಿಂದ ನಿವೇದಿಸಿಕೊಂಡೆ.

"ಆ ಮೂಲ್ಯಾಗ ಏನೂ ಇಲ್ರಿ ಶಿವಣ್ಣಾರ."

"ಏನೂ ಇಲ್ಲಂದ್ರ ತಗೀಲಿಕ್ಕೆ ಬಿಡ್ರಿ."

"ಏನೂ ಇಲ್ಲಂದ ಮ್ಯಾಲ ಏನ್ ತಗೀತೀರಿ?"

ಸಾಹೇಬರು ಕರುಣೆಯಿಂದ ಕಾರಣವನ್ನೂ ವಿವರಿಸಿದರು. "ಡ್ರೋನಿನ ಗಾಳಿಗೆ ಎಣ್ಣಿ ಹರಡತೈತ್ರಿ. ಅದಕ್ಕ ಬ್ಯಾಡ ಅಂದಾರ."

"ಎಣ್ಣಿ ಇಲ್ಲಂದ್ರಲ್ರಿ?"

"ಇಲ್ಲ. ಇದ್ದಿದ್ರ ಹರಡ್ತಿತ್ತು ಅಂತ ಹೇಳಾಕತ್ತೇನಿ."

ಮನೆಗೆ ಬಂದೆ. ಕೊಟ್ಟಿಗೆಯ ಮುಂದೆ ಚಂದ್ರಾಬಾಯಿ ಹಾಲನ್ನು ಗಟಾರಕ್ಕೆ ಸುರಿಯುತ್ತಿದ್ದಳು. ಹಿಂಡದೆ ಬಿಟ್ಟರೆ ಎಮ್ಮೆಗಳಿಗೆ ಕೆಚ್ಚಲು ಬಾತುಕೊಂಡು ನೋವು, ಹಿಂಡಿದರೆ ಇವಳಿಗೆ ನೋವು. ನೋಡಲಾಗಲಿಲ್ಲ. ಕಾನೂನು ಪಾಲಿಸುವ ನಾಗರಿಕನನ್ನು ಅಲ್ಲೇ ಬಿಟ್ಟು ಡ್ರೋನ್ ತಂದೆ.

ಅವಳ ಕೊಟ್ಟಿಗೆಯ ಅಂಗಳದಿಂದಲೇ ಹಾರಿಸಿದೆ. ಹೇಳಬಾರದು, ಆದರೂ ಹೇಳುತ್ತೇನೆ: ಅಂಥ ವಿಡಿಯೋವನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ಜಾಲಿ ಗಿಡಗಳ ಹಿಂದೆ ನೀರು ಡಾಂಬರಿನಂತೆ ಬಿದ್ದಿತ್ತು. ಅದರ ಅಂಚಿನಲ್ಲಿ ಎಣ್ಣೆಯ ಏಳೂ ಬಣ್ಣ. ದಂಡೆಯಲ್ಲಿ ಸತ್ತ ಮೀನು. ನಡುವೆ, ಅಷ್ಟರಲ್ಲೇ ಕೊರಳ ಹಗ್ಗ ಹರಿದುಕೊಂಡು ಹೋದ ಚಂದ್ರಾಬಾಯಿಯ ಎಮ್ಮೆಗಳು ಹೊಟ್ಟೆಮಟ್ಟ ನಿಂತು, ಮುಳುಗಲೋ ಬೇಡವೋ ಎಂದು ಯೋಚಿಸುತ್ತಿದ್ದವು. ಅವನ್ನು ಹೆಸರು ಹಿಡಿದು ಕೂಗುತ್ತ ಅವಳು ದಂಡೆಗುಂಟ ಓಡುತ್ತಿದ್ದಳು. ನೋಡಿದವನ ಕರುಳು ಚುರ್ ಎನ್ನಬೇಕು, ಹಾಗಿತ್ತು.

ಆಗ ಹವಾಲ್ದಾರರ ಸೀಟಿ ಕೇಳಿತು. ಗಾಬರಿಯಲ್ಲಿ ನನ್ನ ಬೆರಳು ತನಗೆ ಅಭ್ಯಾಸವಾದ ಗುಂಡಿಯನ್ನು ಒತ್ತಿತು. ಅದು ಮೆರವಣಿಗೆಯ ಗುಂಡಿ. ಅದನ್ನು ಒತ್ತಿದರೆ ಡ್ರೋನ್ ಮದುಮಗನ ನೆತ್ತಿಯ ಮೇಲೇ ಬರುತ್ತದೆ. ಅವನು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಮುಖ ಎಲ್ಲ ಕಡೆಯಿಂದ ಬರಲಿ ಎಂದು ಆಗಾಗ ಅವನ ಸುತ್ತ ಒಂದು ಪ್ರದಕ್ಷಿಣೆಯನ್ನೂ ಹಾಕುತ್ತದೆ. ಮದುಮಗ ಅಲ್ಲಿರಲಿಲ್ಲ. ನಾನಿದ್ದೆ.

ರಿಮೋಟನ್ನು ಹುಲ್ಲಿನ ಬಣವೆಗೆ ತುರುಕಿ, ಏನೂ ಅರಿಯದವನಂತೆ ಓಣಿಗಿಳಿದೆ. ಎದುರಿಗೇ ಹವಾಲ್ದಾರರು.

"ಯಾರದ್ರೀ ಡ್ರೋನು?"

"ಯಾವ ಡ್ರೋನ್ರಿ?"

"ನಿಮ್ಮ ತಲಿ ಮ್ಯಾಲಿಂದು."

ಮೇಲೆ ನೋಡಿದೆ. ಅದು ಪ್ರೀತಿಯಿಂದ ನನ್ನನ್ನೇ ನೋಡುತ್ತಿತ್ತು. "ನಂದಲ್ರಿ. ಸುಮ್ನ ಹಿಂದ ಬರಾಕತ್ತೈತಿ" ಎಂದು ಹೇಳಿ ಬಿರಬಿರನೆ ನಡೆದೆ. ಅದೂ ನಡೆಯಿತು. ಎಡಕ್ಕೆ ಹೊರಳಿದೆ, ಅದೂ ಹೊರಳಿತು. ಓಡಿದೆ. ಅದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮುಖ ತೆಗೆದುಕೊಂಡಿತು. ಓಣಿಯ ಜನ ಕಟ್ಟೆಗೆ ಬಂದು ನಿಂತರು. ಹವಾಲ್ದಾರರು ಓಡುವ ಗೋಜಿಗೇ ಹೋಗಲಿಲ್ಲ, ಆಕಾಶ ನೋಡುತ್ತ ಆರಾಮಾಗಿ ನಡೆದು ಬಂದರು. ನಾನು ಹಿಟ್ಟಿನ ಗಿರಣಿ ಹೊಕ್ಕು ಮೂಟೆಗಳ ಹಿಂದೆ ಅಡಗಿದೆ. ಡ್ರೋನ್ ಬಾಗಿಲಲ್ಲಿ ಕಾಯುತ್ತ ನಿಂತಿತು. ಬ್ಯಾಟರಿ ತೀರುವವರೆಗೂ ನಿಂತಿತ್ತು. ಇಷ್ಟು ನಿಷ್ಠೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಮೈತುಂಬ ಜೋಳದ ಹಿಟ್ಟು ಬಳಿದುಕೊಂಡು ಪೊಲೀಸ್ ಚೌಕಿಗೆ ಹೋದೆ. ಡ್ರೋನ್ ಜಪ್ತಾಯಿತು. ಆದರೆ ಅದನ್ನು ಒಪ್ಪಿಸುವ ಮೊದಲೇ ನನ್ನ ಕೈ ಒಂದು ಕೆಲಸ ಮಾಡಿತ್ತು. ಶೂಟಿಂಗ್ ಮುಗಿದ ಕೂಡಲೇ ಕಾರ್ಡ್ ತೆಗೆದು ಅಂಗಿಯ ಕಿಸೆಗೆ ಹಾಕುವುದು ನಮ್ಮ ಕಸುಬಿನವರ ರೂಢಿ. ಕ್ಯಾಮೆರಾ ಹೋದರೆ ಇನ್ನೊಂದು ತರಬಹುದು, ತಾಳಿ ಕಟ್ಟಿದ್ದು ಹೋದರೆ ಮತ್ತೆ ಕಟ್ಟಿಸಲಾಗದು. ಸಾಕ್ಷಿ ನನ್ನ ಕಿಸೆಯಲ್ಲಿತ್ತು! ಶೈಲಾ ಬುತ್ತಿ ತಂದಾಗ ರೊಟ್ಟಿ ಇಸಿದುಕೊಂಡು ಕಾರ್ಡನ್ನು ಅವಳ ಕೈಗೆ ಸೇರಿಸಿದೆ.

"ಇದನ್ನ ರಫೀಕಗ ಕೊಡು. ಲಗೂ ಮಾಡಿ ಹಾಕಿಬಿಡಂತ ಹೇಳು."

"ಹೆಂಗ ಮಾಡ್ಬೇಕು ಅಂದ್ರ?"

"ಯಾವಾಗ್ಲೂ ಮಾಡ್ತಾನಲ್ಲ, ಹಂಗ" ಎಂದೆ. ರೊಟ್ಟಿ ಬಾಯಿಯಲ್ಲಿತ್ತು.

ರಫೀಕ್ ಯಾರೆಂದು ಹೇಳಬೇಕು. ಹಳೇ ಹುಬ್ಬಳ್ಳಿಯ ಒಂದು ಸಂದಿಯಲ್ಲಿ ಅವನ ವಿಡಿಯೋ ಮಿಕ್ಸಿಂಗ್ ಅಂಗಡಿ. ಅವಳಿ ನಗರದ ಫೋಟೋದವರೆಲ್ಲ ಮದುವೆ ತೆಗೆದು ಕಾರ್ಡನ್ನು ಅವನಿಗೆ ಕಳಿಸುತ್ತೇವೆ. ಹಾಡು ಹಾಕುವವನು, ಬಣ್ಣ ಏರಿಸುವವನು, ಮದುಮಗನ ಅಂಗಿಯ ಮೇಲಿನ ಸಾರಿನ ಕಲೆ ತೆಗೆಯುವವನು, ಕರೆಯದೆ ಬಂದ ಸಂಬಂಧಿಕರನ್ನು ಅಳಿಸುವವನು ಅವನೇ. ಹೆಣ್ಣಿನ ಕಡೆಯವರಿಗೆ ತಡೆಯುವ ತಾಳ್ಮೆ ಇರುವುದಿಲ್ಲವಾದ್ದರಿಂದ ಮುಗಿದ ಕೂಡಲೇ ನನ್ನ ಸ್ಟುಡಿಯೋದ ಪುಟಕ್ಕೆ ಏರಿಸಿಬಿಡುವುದೂ ಅವನ ಕೆಲಸವೇ. ನಾನು ನೋಡುವುದು ಆಮೇಲೆ.

ಸಂಜೆ ಬುದ್ಧಿ ಹೇಳಿ ನನ್ನನ್ನು ಬಿಟ್ಟರು. ಚೌಕಿಯ ಮೆಟ್ಟಿಲು ಇಳಿಯುತ್ತಿದ್ದಾಗಲೇ ಫೋನ್ ಬಂತು. ಸಾಹೇಬರು.

"ಶಿವಣ್ಣಾರ, ನಿಮ್ಮ ವಿಡಿಯೋ ನೋಡಿದ್ನಿ. ಏನ್ ತಗದೀರಿ! ನಮ್ಮ ದೊಡ್ಡ ಸಾಹೇಬ್ರಂತೂ ಮತ್ತ ಮತ್ತ ಹಚ್ಚಿ ನೋಡಾಕತ್ತಾರ. ಭಾಳ ಉಪಕಾರ ಆತ್ರಿ."

ಉಪಕಾರ ಎಂಬ ಮಾತು ಕೇಳಿ ಮನೆಯ ಕಡೆ ಓಡಿದೆ. ಮನೆ ಮುಟ್ಟುವ ಹೊತ್ತಿಗೆ ಚಂದ್ರಾಬಾಯಿ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಶೈಲಾ ಫೋನ್ ಹಿಡಿದು ನಿಂತಿದ್ದಳು. ಮೂವರೂ ಸೇರಿ ನೋಡಿದೆವು.

ಶಹನಾಯಿಯಿಂದ ಸುರುವಾಯಿತು. ಗುಲಾಬಿ ಪಕಳೆಗಳು ಉದುರಿದವು. ಪಕಳೆಗಳ ನಡುವಿನಿಂದ ನಮ್ಮ ಕೆರೆ ಎದ್ದು ಬಂತು, ಹೊಸ ಪತ್ತಲ ಸೀರೆಯ ಹಾಗೆ ನೀಲಿ ನೀಲಿ. ಡಾಂಬರಿನಂಥ ಕಪ್ಪು ಒಂದು ಚುಕ್ಕೆಯಷ್ಟೂ ಇರಲಿಲ್ಲ. ಎಣ್ಣೆಯ ಏಳು ಬಣ್ಣವನ್ನು ಅಂಚಿನಿಂದ ಎತ್ತಿ ಆಕಾಶಕ್ಕೆ ಕಾಮನಬಿಲ್ಲು ಕಟ್ಟಿದ್ದ. ಸತ್ತ ಮೀನಿದ್ದಲ್ಲಿ ತಾವರೆ. ಎಮ್ಮೆಗಳಿದ್ದಲ್ಲಿ ಬೆಳ್ಳನೆಯ ಹಂಸಗಳು ಸಾಲಾಗಿ ತೇಲುತ್ತಿದ್ದವು. ದಂಡೆಗುಂಟ ಓಡುತ್ತಿದ್ದ ಚಂದ್ರಾಬಾಯಿ ಕರೆಯದೆ ಬಂದ ಸಂಬಂಧಿಕರ ಹಾದಿ ಹಿಡಿದಿದ್ದಳು. ಕೊನೆಗೆ ಬಂಗಾರದ ಅಕ್ಷರದಲ್ಲಿ ನನ್ನ ಸ್ಟುಡಿಯೋದ ಹೆಸರು.

ಚಂದ್ರಾಬಾಯಿ ಇನ್ನೊಮ್ಮೆ ಹಚ್ಚಿಸಿ ನೋಡಿದಳು. ಆಮೇಲೆ ಕೇಳಿದಳು:

"ಛಲೋ ಐತ್ರಿ ಅಣ್ಣಾರ. ಇದ್ಯಾವ ಊರ ಕೆರಿ?"

ರಫೀಕನಿಗೆ ಫೋನ್ ಮಾಡಿದೆ. ಅವನ ದನಿಯಲ್ಲಿ ಸಂತೋಷವಿತ್ತು.

"ಭಾಯಿ, ಭಾಳ ತ್ರಾಸಾತು ನೋಡು. ಹಿಂಗ್ಯಾಕ ಹೊಲಸು ಜಾಗಾ ಹುಡುಕ್ತಿ ಮದುವಿ ವಿಡಿಯೋಕ್ಕ? ತೊಳದು ತೊಳದು ಸಾಕಾತು. ಮದಮಕ್ಕಳ ಎಲ್ಲೂ ಇಲ್ಲ. ಎಮ್ಮಿ ನಿಂತಾವ. ನಾನ ತಿದ್ದಿ ಹಾಕೀನಿ."

"ರಫೀಕ್, ಆ ಕಾರ್ಡಿನಾಗ ಇದ್ದದ್ದು ಹಂಗ ಐತಲ್ಲೋ? ಅಸಲಿ?"

"ಅದ್ಯಾಕ? ಖಾಲಿ ಮಾಡಿ ಇಟ್ಟೀನಿ. ಮುಂದಿನ ಮದುವಿಗೆ ಬೇಕಲ್ಲ ನಿನಗ?"

ಅವನನ್ನು ಬೈಯಲಾಗಲಿಲ್ಲ. ಯಾವಾಗಲೂ ಮಾಡಿದ ಹಾಗೆಯೇ ಮಾಡಿದ್ದ.

ಮಾರನೆಯ ದಿನ ಸಾಹೇಬರು ಪೆಂಡಾಲಿನಲ್ಲಿ ನನ್ನ ವಿಡಿಯೋವನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಕೆರೆ ಸಂಪೂರ್ಣ ಸ್ವಚ್ಛವಾಗಿದೆ, ಪಕ್ಷಿ ಸಂಕುಲವೂ ಮರಳಿದೆ ಎಂದು ಸಾರಿದರು. ಪತ್ರಕರ್ತರು ಕೆರೆಗೆ ಬೆನ್ನು ಹಾಕಿ ಪರದೆ ನೋಡಿದರು. ಮಧ್ಯಾಹ್ನದೊಳಗೆ ಪಂಪು ಹೋಯಿತು, ಬಿಳಿ ಅಂಗಿಗಳು ಹೋದವು, ಹಗ್ಗವನ್ನೂ ಸುತ್ತಿಕೊಂಡು ಹೋದರು. ಹಾರಾಟದ ನಿಷೇಧ ತೆರವಾಯಿತು. ಹವಾಲ್ದಾರರು ನನ್ನ ಡ್ರೋನನ್ನು ಮನೆಗೇ ತಂದುಕೊಟ್ಟು, ಮಗಳ ಮದುವೆ ತೆಗೆಯಲು ನನ್ನ ದಿನ ಕೇಳಿ ಹೋದರು.

ಈಗಲಾದರೂ ಯಾರ ಭಯವೂ ಇಲ್ಲವಲ್ಲ ಎಂದು ಮತ್ತೆ ಹಾರಿಸಿದೆ. ಜಾಲಿ ಮೂಲೆಯ ಎಣ್ಣೆಯನ್ನು ಇದ್ದದ್ದು ಇದ್ದ ಹಾಗೆ ತೆಗೆದು, ರಫೀಕನ ನೆರಳೂ ಬೀಳದಂತೆ ನಾನೇ ಪುಟಕ್ಕೆ ಏರಿಸಿದೆ. ಅದಕ್ಕೆ ಬಂದ ಉತ್ತರಗಳನ್ನು ಓದಲಾಗಲಿಲ್ಲ. ಇದು ಸುಳ್ಳು ವಿಡಿಯೋ, ಯಾವುದೋ ಬೇರೆ ಊರಿನದು, ನಮ್ಮ ಧಾರವಾಡದ ಹೆಸರು ಕೆಡಿಸುವವರನ್ನು ಸುಮ್ಮನೆ ಬಿಡಬಾರದು ಎಂದು ಜನ ಬರೆದರು. ಸಾಕ್ಷಿಗೆ ನನ್ನದೇ ಮೊದಲ ವಿಡಿಯೋವನ್ನು ಹಚ್ಚಿದರು. ಸಾಹೇಬರಿಗೆ ಫೋನ್ ಮಾಡಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

"ಶಿವಣ್ಣಾರ, ನೀವ ಹೇಳ್ರಿ. ನಿಮ್ಮ ಮಾತು ನಂಬೂಣೋ, ನಿಮ್ಮ ವಿಡಿಯೋ ನಂಬೂಣೋ?"

ಅದೇ ವಾರ ಕೆರೆಯ ದಂಡೆಯಲ್ಲಿ ನನಗೆ ಸನ್ಮಾನವಾಯಿತು. ಮೈಕ್ ಕೈಗೆ ಬಂದಾಗ ಎಲ್ಲವನ್ನೂ ಹೇಳಿಬಿಡುವುದೆಂದು ಹೋಗಿದ್ದೆ. ಮೈಕ್ ಬಂತು ಕೂಡ. ಅಷ್ಟರಲ್ಲಿ ಶಾಲು ಹೊದಿಸುತ್ತಿದ್ದರು, ಬೇರೆ ಸ್ಟುಡಿಯೋದ ಫೋಟೋದವನು ಎದುರಿಗೆ ಬಂದು, "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ. ಹಾಂ. ನಗ್ರಿ" ಎಂದ. ಗದ್ದ ಮೇಲೆ ಮಾಡಿದೆ. ನಕ್ಕೆ. ಮೈಕ್ ಮುಂದಿನವರಿಗೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನವಷ್ಟೇ ಹೋಗುತ್ತಿತ್ತು. ಅದೇನು ದೊಡ್ಡದಲ್ಲ. ಸನ್ಮಾನದ ಮರುದಿನ ಚಂದ್ರಾಬಾಯಿ ಹಾಲು ಹೊತ್ತು ಪೇಢೆ ಅಂಗಡಿಗೆ ಹೋದಳು. ಸಾವಕಾರರು ಮತ್ತೆ ಕ್ಯಾನಿಗೆ ಮೂಗು ಹಚ್ಚಿದರು. ವಾಸನೆ ಹಾಗೇ ಇತ್ತು. ಆದರೆ ಈ ಸಲ ಅವರ ಮಾತು ಬೇರೆಯಾಗಿತ್ತು.

"ಕೆರಿ ಸ್ವಚ್ಛ ಆಗೇತಿ, ನಾನ ವಿಡಿಯೋ ನೋಡೇನಿ. ಹಂಗಾರ ವಾಸನಿ ಎಲ್ಲಿಂದ ಬಂತವಾ? ನೀನ ಏನರ ಬೆರಸಾಕತ್ತೀಯೇನು?"

ಇದನ್ನು ಅವಳು ನನಗೆ ಹೇಳುವಾಗ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಮೊದಲು ತಪ್ಪು ಟ್ಯಾಂಕರಿನದಾಗಿತ್ತು. ನಾನು ಕೆರೆ ಸ್ವಚ್ಛ ಮಾಡಿದ ಮೇಲೆ ಅದು ಅವಳದಾಯಿತು. ಅವಳ ಅತ್ತೆಯ ಕಾಲದಿಂದ ಹಾಲು ಹಾಕಿದ ಅಂಗಡಿ ಅದು, ಒಂದು ದಿನವೂ ನೀರು ಬೆರೆಸಿದ ಮಾತು ಕೇಳಿದವಳಲ್ಲ. ತಡೆಯಲಾರದೆ ನಾನೇ ಪೇಟೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಸಾವಕಾರರು ಎದ್ದು ನಿಂತರು. "ಆ ಹಂಸದ ವಿಡಿಯೋ ತಗದಾವ್ರು ನೀವಲ್ಲೇನ್ರಿ?" ಎಂದು ಕೈಯಲ್ಲಿ ಪೇಢೆ ಇಟ್ಟರು. ವಿಡಿಯೋ ಸುಳ್ಳು ಎಂದೆ. ಅವರು ನನ್ನ ವಿನಯವನ್ನು ಮೆಚ್ಚಿ ಇನ್ನೊಂದು ಪೇಢೆ ಇಟ್ಟರು.

ಈಗ ಮದುವೆ ಗೊತ್ತಾದ ಜೋಡಿಗಳು ನಮ್ಮ ಕೆರೆಯ ದಂಡೆಗೆ ಫೋಟೋ ತೆಗೆಸಲು ಬರುತ್ತಾರೆ, ಹಂಸ ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ. ಎಮ್ಮೆಗಳ ಮೈಗಂಟಿದ ಎಣ್ಣೆ ಇನ್ನೂ ಹೋಗಿಲ್ಲ, ಅವು ಕೊಟ್ಟಿಗೆ ಬಿಟ್ಟು ಹೊರಗೆ ಬಂದಿಲ್ಲ. ಅವು ಕೆರೆಯ ಕಡೆಗೇ ಮುಖ ಮಾಡಿ ನಿಲ್ಲುತ್ತವೆ. ದಿನಾ ಮಧ್ಯಾಹ್ನ ನಾನು ಬೋರಿನಿಂದ ಬಕೆಟಿನಲ್ಲಿ ನೀರು ಹೊತ್ತು, ಅವುಗಳ ಮೈ ತಿಕ್ಕುತ್ತೇನೆ. ತಿಕ್ಕಲು ಸನ್ಮಾನದ ಶಾಲು ಒಳ್ಳೆಯದು, ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಯಾರೂ ಕೊಳ್ಳದ ಹಾಲಿನಲ್ಲಿ ಒಂದಷ್ಟನ್ನು ನಮ್ಮ ಮನೆಗೆ ಹಾಕಿಸಿಕೊಂಡಿದ್ದೇನೆ. ಚಹಾ ಕುಡಿದರೆ ಟ್ಯಾಂಕರಿನ ನೆನಪಾಗುತ್ತದೆ. ಕುಡಿಯುತ್ತೇನೆ.

ನಿನ್ನೆ ಹಿತ್ತಲಿನ ಕಲ್ಲಿನ ಮೇಲೆ ಆ ಶಾಲನ್ನು ಒಗೆಯುತ್ತಿದ್ದೆ. ಎಷ್ಟು ತಿಕ್ಕಿದರೂ ಕಪ್ಪು ಹೋಗಲಿಲ್ಲ. ಶೈಲಾ ಬಾಗಿಲಲ್ಲಿ ನಿಂತು ನೋಡಿ ನೋಡಿ ಸಾಕಾಗಿ ಹೇಳಿದಳು:

"ಸುಮ್ನ ಯಾಕ ಕೈ ನೋಯಿಸ್ಕೋತೀರಿ? ರಫೀಕಗ ಕಳಸ್ರಿ, ಅಂವ ತಗದು ಕೊಡ್ತಾನ."

ಬೇಲಿಯ ಆಚೆ ಚಂದ್ರಾಬಾಯಿ ಹಾಲು ಸುರಿಯುತ್ತಿದ್ದಳು. ಅವಳು ನಗಲಿಲ್ಲ. ನಾನು ಶಾಲು ಹಿಂಡಿ, ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ಹೋದೆ.